ಎಲ್ಲರೂ ಹೊಸಬರಾಗಿದ್ದ ಸಭೆ

ಮಂಗಳೂರಿನ ಕ್ರೈಸ್ತರು ಎಂದ ಕೂಡಲೇ ಘಟ್ಟದ ಮೇಲಿನವರಿಗೆ ನೆನಪಾಗುವುದು ರೊಸಾರಿಯೊ, ಮಿಲಾಗ್ರಿಸ್ ಚರ್ಚುಗಳು, ಕೊಂಕಣಿ ಮಾತು, ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ. ಇವೆಲ್ಲ ಕೆಥೊಲಿಕರವು. ಊರಿನ ಕ್ರೈಸ್ತರಲ್ಲಿ ದೊಡ್ಡ ಪಾಲು ಅವರದೇ ಆದ್ದರಿಂದ ನೆನಪಿನಲ್ಲೂ ದೊಡ್ಡ ಪಾಲು ಅವರಿಗೇ ಹೋಗುತ್ತದೆ. ಇದೇ ಊರಿನಲ್ಲಿ ಇನ್ನೊಂದು ಚಿಕ್ಕ ಬಳಗವಿದೆ. ಮನೆಯಲ್ಲಿ ತುಳು, ಆರಾಧನೆಗೆ ಕನ್ನಡ, ಹೆಸರಿನ ಕೊನೆಗೆ ಬಂಗೇರ, ಕೋಟ್ಯಾನ್, ಕರ್ಕಡ, ಸೋನ್ಸ್. ಹೆಸರು ಕೇಳಿಯೇ ಜಾತಿ ಧರ್ಮ ಅಳೆದುಬಿಡುವ ಚಾಳಿಯವರು ಇವರ ಮುಂದೆ ಸೋಲುತ್ತಾರೆ. ಬಂಗೇರರು ಗರಡಿಯಲ್ಲೂ ಸಿಗುತ್ತಾರೆ, ಮೀನುಗಾರಿಕೆಯ ದೋಣಿಯಲ್ಲೂ ಸಿಗುತ್ತಾರೆ. ಬಲ್ಮಠದಲ್ಲಿ ಬಿಷಪರಾಗಿ ದೇವರಾಜ ಬಂಗೇರ ಎನ್ನುವವರೇ ಇದ್ದರು.

ಈ ಬಳಗದ ಹೆಸರು ಚರ್ಚ್ ಆಫ್ ಸೌತ್ ಇಂಡಿಯಾ. ಬಳಕೆಯಲ್ಲಿ ಸಿ.ಎಸ್.ಐ., ಹಳಬರ ಬಾಯಲ್ಲಿ ಈಗಲೂ ‘ಬಾಸೆಲ್ ಮಿಶನ್’. ಬಲ್ಮಠದ ಶಾಂತಿ ಕೆಥೆಡ್ರಲ್, ನೆಹರೂ ಮೈದಾನದ ಬಳಿಯ ಸೈಂಟ್ ಪಾಲ್ಸ್ ಚರ್ಚ್, ಜೆಪ್ಪುವಿನ ಕಾಂತಿ ಚರ್ಚ್ ಇವರವು. ಇಂಗ್ಲೆಂಡಿನ ಚರ್ಚ್ ಆಫ್ ಇಂಗ್ಲೆಂಡ್, ಅಮೆರಿಕದ ಎಪಿಸ್ಕೋಪಲ್ ಚರ್ಚ್ ಇವರಿಗೆ ನೆಂಟರು. ಬಿಷಪರು ಇರುವ, ಆದರೆ ಪೋಪರ ಅಧೀನದಲ್ಲಿ ಇಲ್ಲದ ಸಭೆಗಳ ಜಗದಗಲದ ಕುಟುಂಬ ಅದು. ಪ್ರತಿ ಊರಿನ ಆರಾಧಕರ ಕೂಟಕ್ಕೆ ಇವರು ಹೇಳುವುದು ‘ಸಭೆ’ ಎಂದು, ಅದನ್ನು ನೋಡಿಕೊಳ್ಳುವವರಿಗೆ ‘ಸಭಾಪಾಲಕರು’ ಎಂದು.

ಇಂಥ ಸಭೆಗೆ ಹೊಸಬರೊಬ್ಬರು ಸೇರುವುದು ಹೇಗೆ? ಕಾಗದದ ಮೇಲೆ ಅದು ಬಹಳ ಸುಲಭ. ಹಾಸನದಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರೆಯೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಹುಟ್ಟಿ ಬೆಳೆದದ್ದು ಸಿ.ಎಸ್.ಐ. ಸಭೆಯಲ್ಲೇ. ಊರು ಬಿಡುವ ಮೊದಲು ಅಲ್ಲಿನ ಸಭಾಪಾಲಕರಿಂದ ಒಂದು ಪತ್ರ ಬರೆಸಿಕೊಂಡು ಬಂದರೆ ಮುಗಿಯಿತು. ದೀಕ್ಷಾಸ್ನಾನ ಆಗಿದೆ, ದೃಢೀಕರಣ ಆಗಿದೆ, ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುವವರು, ವಂತಿಗೆ ಬಾಕಿ ಇಲ್ಲ, ಇವರನ್ನು ನಿಮ್ಮ ಸಭೆಗೆ ಸೇರಿಸಿಕೊಳ್ಳಿ ಎಂಬ ಒಕ್ಕಣೆ. ಇಲ್ಲಿನ ಸಭಾಪಾಲಕರು ಅದನ್ನು ಸಮಿತಿಯ ಮುಂದಿಡುತ್ತಾರೆ, ಹೆಸರು ರಿಜಿಸ್ಟರಿಗೆ ಏರುತ್ತದೆ, ಒಂದು ಭಾನುವಾರ ಪ್ರಕಟಣೆಗಳ ನಡುವೆ ಅದನ್ನು ಓದಿ ಹೇಳುತ್ತಾರೆ. ವಂತಿಗೆಯ ಸಾಲನ್ನು ಕಂಡು ಮೂಗು ಮುರಿಯುವವರಿದ್ದಾರೆ. ದೇವರ ಮನೆಗೂ ನೋ ಡ್ಯೂ ಸರ್ಟಿಫಿಕೇಟೇ ಎಂದು. ನನಗೇನೂ ಅದು ತಪ್ಪಾಗಿ ಕಾಣುವುದಿಲ್ಲ. ಸಭಾಪಾಲಕರ ಸಂಬಳ, ಕರೆಂಟ್ ಬಿಲ್ಲು, ಸುಣ್ಣಬಣ್ಣ ಎಲ್ಲ ಎಲ್ಲಿಂದಲೋ ಬರಬೇಕಷ್ಟೆ.

ಕೆಥೊಲಿಕ್ ಮನೆಯಿಂದ ಮದುವೆಯಾಗಿ ಬಂದವರಿಗೆ ಪತ್ರದ ಜೊತೆ ಒಂದಿಷ್ಟು ಪಾಠವೂ ಇರಬಹುದು. ಆದರೆ ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಒಮ್ಮೆ ನೀರು ಬಿದ್ದರೆ ಬಿತ್ತು, ಯಾರು ಹಾಕಿದರು ಎನ್ನುವುದು ಮುಖ್ಯವಲ್ಲ. ಇದೇ ಕಾರಣಕ್ಕೆ ಪೆಂತೆಕೊಸ್ತ್ ಪ್ರಾರ್ಥನಾ ಕೂಟಗಳ ಜೊತೆ ಇವರಿಗೆ ಜಗ್ಗಾಟ. ಮಗುವಾಗಿದ್ದಾಗ ಹಾಕಿದ ನೀರು ಲೆಕ್ಕಕ್ಕಿಲ್ಲ, ದೊಡ್ಡವರಾಗಿ ಮುಳುಗಿ ಏಳಬೇಕು ಎನ್ನುವುದು ಅವರ ಪಟ್ಟು. ಅಲ್ಲಿ ಹೋಗಿ ಇನ್ನೊಮ್ಮೆ ಮುಳುಗಿ ಬಂದ ಸದಸ್ಯರನ್ನು ಏನು ಮಾಡುವುದು ಎನ್ನುವುದು ಅನೇಕ ಸಭಾ ಸಮಿತಿಗಳಿಗೆ ಬಿಸಿ ತುಪ್ಪ.

ಕಾಗದ ಮುಗಿದ ಮೇಲೆ ನಿಜವಾದ ಪ್ರವೇಶ ಶುರುವಾಗುವುದು ಚರ್ಚಿನ ಅಂಗಳದಲ್ಲಿ. ಆರಾಧನೆ ಮುಗಿದು ಹೊರಗೆ ಬಂದ ಹೊಸಮುಖದ ಹತ್ತಿರ ಹಿರಿಯರೊಬ್ಬರು ಬಂದು, ನಗುತ್ತ, ಕೇಳುವ ಮೊದಲ ಪ್ರಶ್ನೆ ನಂಬಿಕೆಯದ್ದಲ್ಲ. ‘ಈರೆನ ಇಲ್ಲ್ ಓಲು?’ ನಿಮ್ಮ ಮನೆ ಎಲ್ಲಿ? ಅದಕ್ಕೆ ಅತ್ತಾವರ ಎಂದೋ ಕಂಕನಾಡಿ ಎಂದೋ ಬಾಡಿಗೆ ಮನೆಯ ವಿಳಾಸ ಕೊಟ್ಟರೆ ಅವರಿಗೆ ಸಮಾಧಾನವಿಲ್ಲ. ಕೇಳಿದ್ದು ಅದಲ್ಲ. ಯಾರ ಕುಟುಂಬ, ಅಜ್ಜ ಯಾವ ಕಡೆಯವರು, ಮುಲ್ಕಿಯ ಇಂಥವರು ನಿಮಗೆ ಏನಾಗಬೇಕು? ಎರಡು ನಿಮಿಷದಲ್ಲಿ ಒಬ್ಬ ಅತ್ತಿಗೆಯೋ ಷಡ್ಡಕನೋ ಪತ್ತೆಯಾದರೆ ಹೊಸಬರು ಅಲ್ಲಿಗೇ ಹಳಬರು. ಯಾರೂ ಪತ್ತೆಯಾಗದಿದ್ದರೆ ಮುಖದ ನಗು ಹಾಗೇ ಇರುತ್ತದೆ, ಮಾತು ಮಾತ್ರ ಮಳೆಯ ಕಡೆಗೆ ತಿರುಗುತ್ತದೆ. ಹಾಸನದ ನಮ್ಮ ಬ್ಯಾಂಕಿನವರಿಗೆ ತುಳುವೂ ಬಾರದು, ಮುಲ್ಕಿಯಲ್ಲಿ ಮಾವನೂ ಇಲ್ಲ.

ಇದು ಮಂಗಳೂರಿನ ಸಿ.ಎಸ್.ಐ.ನವರ ದೋಷವೇನಲ್ಲ, ಕರಾವಳಿಯ ಎಲ್ಲ ಸಮುದಾಯಗಳೂ ಹೀಗೇ. ಆದರೆ ಈ ಸಭೆಯ ಮಟ್ಟಿಗೆ ಈ ಪ್ರಶ್ನೆ ವಿಚಿತ್ರವಾಗಿ ಕೇಳಿಸುತ್ತದೆ. ಇವರ ಅತಿ ಹಳೆಯ ಮನೆತನಕ್ಕೂ ಇಲ್ಲಿ ಇನ್ನೂರು ವರ್ಷ ತುಂಬಿಲ್ಲ. ಪ್ರತಿ ಕುಟುಂಬದ ರಿಜಿಸ್ಟರನ್ನೂ ಹಿಂದಕ್ಕೆ ತಿರುವುತ್ತ ಹೋದರೆ ಐದಾರು ತಲೆಮಾರಿನಾಚೆ ಒಬ್ಬ ಹೊಸಬ ನಿಂತಿರುತ್ತಾನೆ. ಅವನಿಗೆ ಆ ಪ್ರಶ್ನೆ ಕೇಳಿದ್ದರೆ ಉತ್ತರ ಕೊಡಲು ಮನೆಯೇ ಇರಲಿಲ್ಲ.

1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದಿಳಿದ ಸ್ಯಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರಿಂದ ಈ ಕಥೆ ಶುರು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನ್ ಕಳಿಸಿದವರು. ಎರಡು ವರ್ಷದ ಮೇಲೆ ಹರ್ಮನ್ ಮೋಗ್ಲಿಂಗ್ ಬಂದರು. 1843ರ ಜುಲೈ 1ರಂದು ಅವರು ತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ ಎನ್ನುವುದು ಶಾಲಾ ಮಕ್ಕಳಿಗೂ ಗೊತ್ತು. ಅದೇ ಮೋಗ್ಲಿಂಗರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾಯ ಕೌಂಡಿನ್ಯ. 1844ರ ಜನವರಿಯಲ್ಲಿ ಆತ ಇನ್ನಿಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ತಲ್ಲಣಿಸಿತು. ಶಾಲೆಯ ಬೆಂಚುಗಳು ಬರಿದಾದವು. ತಂದೆ ತಾಯಿಗಳು ಮಕ್ಕಳನ್ನು ಬಿಡಿಸಿಕೊಂಡರು. ಕೌಂಡಿನ್ಯರ ಹೆಂಡತಿ ಅವರ ಜೊತೆ ಹೊರಟು ಬರಲಿಲ್ಲ. ಮುಂದೆ ಅವರು ಬಾಸೆಲಿಗೆ ಹೋಗಿ ಓದಿ, ದೀಕ್ಷೆ ಪಡೆದ ಪಾದ್ರಿಯಾಗಿ 1851ರಲ್ಲಿ ಮಂಗಳೂರಿಗೇ ಮರಳಿದರು. ಎಷ್ಟೋ ವರ್ಷಗಳ ನಂತರ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. ಗೋತ್ರದ ಹೆಸರನ್ನು ಮಾತ್ರ ಬಿಡಲಿಲ್ಲ.

ಕೌಂಡಿನ್ಯರ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಯಾಕೆಂದರೆ ಅವರು ಬ್ರಾಹ್ಮಣರು, ಓದಿದವರು, ಗದ್ದಲ ಎಬ್ಬಿಸಿದವರು. ಸಭೆ ತುಂಬಿದ್ದು ಅಂಥವರಿಂದಲ್ಲ. ಬಿಲ್ಲವರಿಂದ, ಗೇಣಿಗೆ ಗದ್ದೆ ಮಾಡುವವರಿಂದ. ಅವರ ಸಂಕಟ ಬೇರೆ ಥರದ್ದು. ಕ್ರೈಸ್ತನಾದ ಒಕ್ಕಲನ್ನು ಧಣಿ ಗದ್ದೆಯಿಂದ ಎಬ್ಬಿಸಬಹುದಿತ್ತು. ಅಳಿಯಸಂತಾನದ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವಂತಿರಲಿಲ್ಲ. ಶೇಂದಿ ಇಳಿಸುವ ಕಸುಬನ್ನು ಮಿಶನ್ನಿನವರು ಒಪ್ಪುತ್ತಿರಲಿಲ್ಲ. ಅಂದರೆ ಸಭೆ ಸೇರಿದ ದಿನವೇ ಮನೆ, ಮಣ್ಣು, ಮರ ಮೂರೂ ಹೋದ ಹಾಗೆ. ಧರ್ಮ ಬಿಟ್ಟವನ ಆಸ್ತಿಯ ಹಕ್ಕು ಕಳೆಯಬಾರದು ಎಂದು ಕಂಪೆನಿ ಸರಕಾರ 1850ರಲ್ಲಿ ಕಾಯಿದೆಯನ್ನೇನೋ ಮಾಡಿತು. ಕೋರ್ಟಿಗೆ ಹೋಗುವ ತಾಕತ್ತು ಯಾರಿಗಿತ್ತು?

ಹಾಗಾಗಿ ಮಿಶನ್ ಕೆಲಸ ಹುಟ್ಟಿಸಬೇಕಾಯಿತು. ಬಲ್ಮಠದಲ್ಲಿ ಮುದ್ರಣಾಲಯ 1841ರಿಂದಲೇ ಇತ್ತು. 1851ರಲ್ಲಿ ಮಿಶನ್ನಿನ ಹಾಲರ್ ಬಂದು ನೇಯ್ಗೆ ಬಲಪಡಿಸಿದರು. ಖಾಕಿ ಬಣ್ಣದ ಬಟ್ಟೆಗೆ ಬಲ್ಮಠದ ಹೆಸರು ಸೇರಿಕೊಂಡದ್ದು ಹೀಗೆ. 1865ರಲ್ಲಿ ಮಿಶನ್ನಿನವರೇ ಆದ ಪ್ಲೆಬ್ಸ್ಟ್ ನೇತ್ರಾವತಿಯ ಮಣ್ಣಿನಿಂದ ಹಂಚು ಮಾಡಿಸಿದರು. ಮಂಗಳೂರು ಹಂಚು ಎಂದು ದೇಶ ವಿದೇಶದ ಮಾಡುಗಳನ್ನು ಹೊದೆಸಿದ ಆ ಕೆಂಪು ಹಂಚನ್ನು ಒತ್ತಿದ ಕೈಗಳಲ್ಲಿ ಎಷ್ಟೋ ಕೈಗಳು ಗದ್ದೆಯಿಂದ ಹೊರಬಿದ್ದ ಹೊಸ ಸದಸ್ಯರವು. ಜೆಪ್ಪುವಿನ ಸಭೆ ಬೆಳೆದದ್ದು ಹಂಚಿನ ಕಾರ್ಖಾನೆಯ ನೆರಳಿನಲ್ಲೇ. ಟೀಕೆ ಮಾಡುವವರು ಇದನ್ನು ಅನ್ನದ ಆಸೆಯ ಮತಾಂತರ ಎಂದರು. ಈಗಲೂ ಅನ್ನುತ್ತಾರೆ. ಅನ್ನ ಕಿತ್ತುಕೊಂಡವರು ಯಾರು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು ಎನ್ನುವುದು ನನ್ನ ಅನಿಸಿಕೆ. ಆದರೂ ಮಾಲಕನೂ ಮಿಶನ್, ಮೇಸ್ತ್ರಿಯೂ ಮಿಶನ್, ಪಾದ್ರಿಯೂ ಮಿಶನ್ ಎಂದಾಗ ಸದಸ್ಯನ ಬೆನ್ನು ಎಷ್ಟು ನೆಟ್ಟಗಿರಲು ಸಾಧ್ಯ ಎಂಬುದೂ ಯೋಚಿಸಬೇಕಾದದ್ದೇ.

ಎಲ್ಲರೂ ಈ ಬಾಗಿಲಿಗೇ ಬಂದರು ಎಂದೂ ಅಲ್ಲ. 1870ರ ಹೊತ್ತಿಗೆ ಬಿಲ್ಲವರ ಮುಂದಾಳು ಅರಸಪ್ಪ ಮತ್ತು ಸಾರಸ್ವತರಾದ ಉಳ್ಳಾಲ ರಘುನಾಥಯ್ಯ ಇವರಿಂದ ಮಂಗಳೂರಿನಲ್ಲಿ ಬ್ರಹ್ಮಸಮಾಜ ಹುಟ್ಟಿತು. ಹಳೆಯದನ್ನು ಬಿಡಬೇಕು, ಆದರೆ ಮಿಶನ್ ಬೇಡ ಎನ್ನುವವರಿಗೆ ಅದೊಂದು ದಾರಿಯಾಯಿತು.

ಈಗ ಊರಿನ ಕೆಳಗಿನ ತುದಿಗೆ ಬನ್ನಿ. ಸ್ಟೇಟ್ ಬ್ಯಾಂಕಿನ ಬಸ್ಸುಗಳ ಗದ್ದಲದ ಪಕ್ಕದಲ್ಲಿ, ಮೈದಾನಕ್ಕೆ ಎದುರಾಗಿ ಇರುವ ಸೈಂಟ್ ಪಾಲ್ಸ್ ಚರ್ಚ್ ಕಟ್ಟಿದ್ದೂ 1843ರಲ್ಲೇ. ಅದು ಮಿಶನ್ನಿನದ್ದಲ್ಲ. ಕಂಪೆನಿಯ ಸಿಪಾಯಿ ದಂಡಿನ ಅಧಿಕಾರಿಗಳು, ಕಲೆಕ್ಟರು, ಜಡ್ಜರು ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಲು ಕಟ್ಟಿಕೊಂಡದ್ದು. ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಶಾಖೆ. ಅವರಿಗೆ ಮದರಾಸಿನಲ್ಲಿ ಬಿಷಪರಿದ್ದರು. ಬಲ್ಮಠದವರಿಗೆ ಬಿಷಪರೇ ಇರಲಿಲ್ಲ. ಅವರದು ಪಾದ್ರಿಗಳೂ ಸಭೆಯ ಹಿರಿಯರೂ ಕೂತು ನಡೆಸುವ ಪದ್ಧತಿ. ನಡೆದು ಹೋಗುವಷ್ಟು ದೂರದಲ್ಲಿದ್ದರೂ ಒಂದು ಆಳುವವರ ಚರ್ಚ್, ಇನ್ನೊಂದು ಆಳಿಸಿಕೊಳ್ಳುವವರದು. ಮೊದಲ ಮಹಾಯುದ್ಧ ಬಂದಾಗ ಆ ಅಂತರ ಇನ್ನೂ ಚೆನ್ನಾಗಿ ಕಂಡಿತು. ಬ್ರಿಟಿಷ್ ಸರಕಾರ ಬಾಸೆಲ್ ಮಿಶನ್ನಿನಲ್ಲಿದ್ದ ಜರ್ಮನರನ್ನು ಶತ್ರುಪ್ರಜೆಗಳೆಂದು ಹಿಡಿದಿಟ್ಟಿತು. ಹಂಚು, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಸಭೆಗಳ ಹೊಣೆ ಊರಿನವರ ಹೆಗಲಿಗೆ ಬಿತ್ತು.

ಈ ಎರಡೂ ಚರ್ಚುಗಳು ಇವತ್ತು ಒಬ್ಬರೇ ಬಿಷಪರ ಕೆಳಗಿವೆ. ಅದು ಆದದ್ದು ಹೇಗೆಂದು ತಿಳಿದರೆ ಸದಸ್ಯತ್ವದ ಆ ಪತ್ರಕ್ಕೆ ಇರುವ ಬೆಲೆ ಗೊತ್ತಾಗುತ್ತದೆ.

1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲವು ಪಾದ್ರಿಗಳು ಸೇರಿ ಒಂದು ಹೇಳಿಕೆ ಹೊರಡಿಸಿದರು. ಮುಂದಾಳು ದೋರ್ನಕಲ್‌ನ ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ನಮ್ಮ ಜಗಳಗಳೆಲ್ಲ ಯುರೋಪಿನಿಂದ ಬಂದವು, ಅವುಗಳನ್ನು ನಾವು ಯಾಕೆ ಹೊರಬೇಕು ಎನ್ನುವುದು ಅವರ ಮಾತಿನ ತಿರುಳು. ಮಾತುಕತೆ 28 ವರ್ಷ ನಡೆಯಿತು. ಮುಖ್ಯವಾಗಿ ಅಡ್ಡಿಯಾದದ್ದು ಒಂದು ವಿಷಯ: ಬಿಷಪ್. ಆಂಗ್ಲಿಕನರ ಲೆಕ್ಕದಲ್ಲಿ ಬಿಷಪರ ಪದವಿ ಅಪೊಸ್ತಲರ ಕಾಲದಿಂದ ತಲೆಯಿಂದ ತಲೆಗೆ ಕೈಯಿಟ್ಟು ಬಂದದ್ದು. ಅಂಥ ಬಿಷಪರ ಕೈ ತಾಕದವನು ಪಾದ್ರಿಯೇ ಅಲ್ಲ. ಮೆಥೊಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಶನಲರಿಗೆ ಇದು ಅವಮಾನದ ಮಾತು. ಇಷ್ಟು ವರ್ಷ ನಾವು ಮಾಡಿಸಿದ ದೀಕ್ಷಾಸ್ನಾನ, ಬಡಿಸಿದ ಭೋಜನ ಎಲ್ಲ ಸುಳ್ಳೇ? ಕೊನೆಗೆ ಒಂದು ದಾರಿ ಕಂಡುಕೊಂಡರು. ಈಗಿರುವ ಪಾದ್ರಿಗಳನ್ನು ಇದ್ದಹಾಗೆ ಒಪ್ಪಬೇಕು, ಯಾರಿಗೂ ಮರುದೀಕ್ಷೆ ಕೊಡಬಾರದು, ಇನ್ನು ಮುಂದಿನವರಿಗೆ ಮಾತ್ರ ಬಿಷಪರೇ ಕೈಯಿಡಬೇಕು. ಅಲ್ಲಿಗೆ ಒಂದು ತಲೆಮಾರು ಕಳೆದರೆ ಎಲ್ಲರೂ ಒಂದೇ ಸಾಲಿಗೆ ಬಂದಿರುತ್ತಾರೆ. ಕೂಡುಕುಟುಂಬದಲ್ಲಿ ಅಡುಗೆ ಒಲೆಗಳನ್ನು ಒಂದು ಮಾಡುವಾಗ ಹಿರಿಸೊಸೆಯ ಮಡಿಯನ್ನು ಸದ್ಯಕ್ಕೆ ಹಾಗೇ ಬಿಟ್ಟು, ಕಿರಿಯರಿಗೆ ಹೊಸ ಕ್ರಮ ಕಲಿಸಿದಂಥ ಜಾಣತನ ಇದು.

ಲಂಡನ್ನಿನಲ್ಲಿ ಇದರಿಂದ ಕೆಲವರಿಗೆ ರೇಗಿತು. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ‘ರಿಯೂನಿಯನ್ ಬೈ ಡಿಸ್ಟ್ರಕ್ಷನ್’ ಎಂಬ ಕಿರುಹೊತ್ತಗೆ ಬರೆದು ಈ ದಕ್ಷಿಣ ಭಾರತದ ಯೋಜನೆಯನ್ನು ಖಂಡಿಸಿದರು. ನಮ್ಮ ನವ್ಯರು ಎಲಿಯಟ್‌ನನ್ನು ಅಷ್ಟೊಂದು ಓದಿದರು, ಆತ ತಮ್ಮ ನೆರೆಮನೆಯ ಕ್ರೈಸ್ತರ ವಿಚಾರದಲ್ಲಿ ಜಗಳಕ್ಕೆ ನಿಂತಿದ್ದ ಎನ್ನುವುದು ಎಷ್ಟು ಜನರ ಗಮನಕ್ಕೆ ಬಂದಿತ್ತೋ. ಎಲಿಯಟ್‌ಗೆ ಕೋಪ ಬಂತೆಂದು ಮದರಾಸು ನಿಲ್ಲಲಿಲ್ಲ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರವಾದಾಗ, ಅಲ್ಲಿನ ಸೈಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಸಿ.ಎಸ್.ಐ. ಹುಟ್ಟಿತು. ಅಜರಯ್ಯ ಅದನ್ನು ನೋಡಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ಆ ದಿನ ಬಿಷಪರಾದವರಲ್ಲಿ ಒಬ್ಬರು 37 ವರ್ಷದ ಲೆಸ್ಲಿ ನ್ಯೂಬಿಗಿನ್, ಬಿಷಪರೇ ಇಲ್ಲದ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯವರು. ಕನ್ನಡ ನಾಡಿಗೆ ಮೈಸೂರು ಸಭಾಪ್ರಾಂತ್ಯವಾಯಿತು. 1951ರಿಂದ ಎರಡು ದಶಕ ಅದರ ಬಿಷಪರಾಗಿದ್ದ ನಾರ್ಮನ್ ಸಾರ್ಜೆಂಟ್ ಲಿಂಗಾಯತರ ಬಗ್ಗೆ ಪುಸ್ತಕ ಬರೆದವರು. ಆಮೇಲೆ ಪ್ರಾಂತ್ಯ ಮೂರಾಗಿ ಒಡೆದು ಕರ್ನಾಟಕ ದಕ್ಷಿಣ ಸಭಾಪ್ರಾಂತ್ಯ ಬಂತು, ಅದರ ಕಚೇರಿ ಬಲ್ಮಠಕ್ಕೆ ಬಂತು, 1862ರ ಮಿಶನ್ ಚರ್ಚು ಶಾಂತಿ ಕೆಥೆಡ್ರಲ್ ಆಯಿತು. ಬಿಷಪರಿಲ್ಲದವರ ಗುಡ್ಡದ ಮೇಲೇ ಬಿಷಪರ ಪೀಠ.

ಈ ಪ್ರಾಂತ್ಯದ ಒಳಗೇ ಎರಡು ಮೂರು ಬಗೆಯ ನೆನಪುಗಳಿವೆ. ಕರಾವಳಿಯದು ಬಾಸೆಲ್. ಮೈಸೂರು, ಹಾಸನದ ಕಡೆಯದು ವೆಸ್ಲಿಯನ್ ಮೆಥೊಡಿಸ್ಟ್. ಮೈಸೂರಿನ ಹಾರ್ಡ್ವಿಕ್ ಶಾಲೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಾಸನದ ರೆಡ್‌ಫರ್ನ್ ಆಸ್ಪತ್ರೆ ಅವರವು. ಅಂದಮೇಲೆ ಹಾಸನದ ನಮ್ಮ ಬ್ಯಾಂಕಿನವರು ಬಲ್ಮಠಕ್ಕೆ ಬಂದರೆ ಒಂದು ಪರಂಪರೆಯಿಂದ ಇನ್ನೊಂದಕ್ಕೆ ಬಂದ ಹಾಗೆಯೇ. ಹಾಡಿನ ಸಾಲು ಅದೇ, ಧಾಟಿ ಬೇರೆ. ಅಲ್ಲಿ ಇಲ್ಲದ ತುಳು ಹಾಡು ಇಲ್ಲಿ ಒಮ್ಮೆಲೇ ಎದ್ದುಬಿಡುತ್ತದೆ, ಇಡೀ ಸಭೆ ಪುಸ್ತಕ ನೋಡದೆ ಹಾಡುತ್ತದೆ, ಇವರು ಸುಮ್ಮನೆ ನಿಲ್ಲುತ್ತಾರೆ. ಆದರೂ ಪತ್ರ ನಡೆಯುತ್ತದೆ. ಒಬ್ಬ ಬಿಷಪರ ಅಡಿ ಎಂದರೆ ಅದೇ. ಊರಿನ ಸಭೆ ತನಗೆ ತಾನೇ ಪೂರ್ಣವಲ್ಲ, ಬೇರೆ ಊರಿನವರು ಒಪ್ಪಿದ ಸದಸ್ಯರನ್ನು ತಾನೂ ಒಪ್ಪಲೇಬೇಕು. ನಮ್ಮವರೇ ಇರಲಿ ಎಂದು ಬಾಗಿಲು ಹಾಕಿಕೊಳ್ಳುವ ಸ್ವಾತಂತ್ರ್ಯ ಅದಕ್ಕಿಲ್ಲ.

ಆರಾಧನೆಯಲ್ಲಿ ಇದು ಕಣ್ಣಿಗೆ ಕಾಣುವ ಒಂದು ಗಳಿಗೆಯಿದೆ. ಕರ್ತನ ಭೋಜನಕ್ಕೆ ಮುಂಚೆ ‘ಸಮಾಧಾನ’ ಕೊಡುತ್ತಾರೆ. ಸಿ.ಎಸ್.ಐ. 1950ರಲ್ಲಿ ತನ್ನದೇ ಆರಾಧನಾ ಕ್ರಮ ಬರೆದುಕೊಂಡಾಗ ಇದನ್ನು ಕೇರಳದ ಸಿರಿಯನ್ ಸಭೆಗಳಿಂದ ತೆಗೆದುಕೊಂಡಿತು. ಮುಂದೆ ನಿಂತ ಸಭಾಪಾಲಕರಿಂದ ಶುರುವಾಗಿ ಹಿಂದಿನ ಬೆಂಚಿನವರೆಗೆ ಅದು ಕೈಯಿಂದ ಕೈಗೆ ಸಾಗಬೇಕು. ಕೊಡುವವರು ತಮ್ಮ ಬಲ ಅಂಗೈಯನ್ನು ತೆಗೆದುಕೊಳ್ಳುವವರ ಬಲ ಅಂಗೈಗೆ ತಾಗಿಸಿ, ಎಡಗೈಯಿಂದ ಅವರ ಕೈಯನ್ನು ಮುಚ್ಚುತ್ತಾರೆ. ತೆಗೆದುಕೊಂಡವರು ಪಕ್ಕದವರಿಗೆ. ಪಕ್ಕದವರು ಯಾರಾದರೂ ಆಗಬಹುದು: ಮುಲ್ಕಿಯ ಮನೆತನದವರು, ನರ್ಸಿಂಗ್ ಓದಲು ಬಂದ ಈಶಾನ್ಯದ ಹುಡುಗಿ, ಹಾಸನದವರು. ಮುಟ್ಟುವುದಕ್ಕೆ ಲೆಕ್ಕ ಇಡುವ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ. ಇತ್ತೀಚೆಗೆ ಅನೇಕ ಕಡೆ ಅದು ದೂರದಿಂದಲೇ ಕೈಮುಗಿಯುವುದಕ್ಕೆ ಇಳಿದಿದೆ. ನನಗದು ನಷ್ಟವೆಂದೇ ತೋರುತ್ತದೆ.

ಸಭೆಯಲ್ಲೇ ಹುಟ್ಟಿದ ಮಕ್ಕಳೂ ಒಮ್ಮೆ ಹೊಸಬರಾಗಿ ಸೇರಬೇಕು. ಅದೇ ದೃಢೀಕರಣ. ತೊಟ್ಟಿಲಲ್ಲಿದ್ದಾಗ ದೊಡ್ಡವರು ಕೊಟ್ಟ ಮಾತನ್ನು ಹದಿಹರೆಯದಲ್ಲಿ ತಾವೇ ಬಾಯಿಬಿಟ್ಟು ಹೇಳುವುದು. ತಿಂಗಳುಗಟ್ಟಲೆ ತರಗತಿ, ಬಾಯಿಪಾಠ, ಆಮೇಲೆ ಬಿಳಿ ಉಡುಪಿನಲ್ಲಿ ಮೊಣಕಾಲೂರಿದ ಮಕ್ಕಳ ತಲೆಯ ಮೇಲೆ ಬಿಷಪರ ಕೈ. 2013ರಲ್ಲಿ ನಂದ್ಯಾಲದ ಇ. ಪುಷ್ಪಲಲಿತಾ ಬಿಷಪರಾದ ಮೇಲೆ ಸಿ.ಎಸ್.ಐ.ನಲ್ಲಿ ಆ ಕೈ ಹೆಣ್ಣಿನದೂ ಆಗಿರಬಹುದು. ಕರಾವಳಿಯ ಮನೆಗಳಲ್ಲಿ ದೃಢೀಕರಣಕ್ಕೆ ಕೋಳಿ ರೊಟ್ಟಿಯ ಊಟವೂ ಸಂಬಂಧಿಕರ ದಂಡೂ ಇರುತ್ತದೆ ಎನ್ನುವುದರಿಂದ, ಮಕ್ಕಳಿಗೆ ಯಾವುದು ಮುಖ್ಯವಾಗಿ ನೆನಪಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ದೃಢೀಕರಣ ಆದವರಿಗೇ ಮುಂದೆ ಸಭೆಯ ಚುನಾವಣೆಯಲ್ಲಿ ಓಟು. ಆ ಚುನಾವಣೆಗಳ ಬಿಸಿ ಕೆಲವೊಮ್ಮೆ ನಗರಪಾಲಿಕೆಯನ್ನೂ ಮೀರಿಸುತ್ತದೆ. ಸದಸ್ಯರ ಪಟ್ಟಿಯ ಪರಿಷ್ಕರಣೆಯ ಹೊತ್ತಿಗೆ ಹೊಸ ಹೆಸರುಗಳನ್ನು ಭೂತಗನ್ನಡಿ ಹಿಡಿದು ನೋಡುವುದೂ ಇದೇ ಕಾರಣಕ್ಕೆ.

ಮದುವೆ ಮತ್ತು ಮಣ್ಣು ಪಟ್ಟಿಯ ಇನ್ನೆರಡು ಫಲ. ಚರ್ಚಿನಲ್ಲಿ ಮದುವೆಯಾಗುವ ಜೋಡಿಯ ಹೆಸರನ್ನು ಭಾನುವಾರಗಳಲ್ಲಿ ಓದಿ, ಆಕ್ಷೇಪ ಇದ್ದರೆ ತಿಳಿಸಿ ಎಂದು ಕೇಳುವ ಪದ್ಧತಿ ಈಗಲೂ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ನೋಂದಣಿ. ಇನ್ನು ಸಭೆಯ ಸಮಾಧಿ ಭೂಮಿ. ಪೇಟೆಯ ನಡುವೆ ನೆಲದ ಬೆಲೆ ಏರಿದ ಹಾಗೆ ಅದರ ನೆನಪು ಎಲ್ಲರಿಗೂ ಬರುತ್ತದೆ. ಮೂವತ್ತು ವರ್ಷ ಚರ್ಚಿನ ಕಡೆ ಮುಖ ಹಾಕದವರು ವಯಸ್ಸಾದ ತಾಯಿಗೆ ಕಾಯಿಲೆ ಬಿದ್ದಾಗ ವಂತಿಗೆಯ ಬಾಕಿ ಕಟ್ಟಲು ಓಡಿಬರುವುದನ್ನು ಯಾವ ಖಜಾಂಚಿಯನ್ನು ಕೇಳಿದರೂ ಹೇಳುತ್ತಾರೆ.

ಇಷ್ಟು ಹೊತ್ತು ಕ್ರೈಸ್ತರಾಗಿದ್ದು ಸಭೆ ಬದಲಿಸುವವರ ಮಾತಾಯಿತು. ಬೇರೆ ಧರ್ಮದಿಂದ ಬರುವವರದು ಬೇರೆಯೇ ದಾರಿ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯಿದೆ ಪ್ರಕಾರ ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು. ದೀಕ್ಷೆ ಕೊಡುವವರೂ ಕೊಡಬೇಕು. ಆ ಸುದ್ದಿ ನೋಟಿಸ್ ಬೋರ್ಡಿಗೆ ಏರಿ ಆಕ್ಷೇಪಗಳನ್ನು ಕರೆಯುತ್ತದೆ. ಆದ ಮೇಲೆ ಮತ್ತೊಂದು ಘೋಷಣೆ. ಈ ಕಾಯಿದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೆಜ್ಜೆಯಿಡುವವರು ವಕೀಲರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಇದರ ಮೇಲೆ ಮೀಸಲಾತಿಯ ಪ್ರಶ್ನೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನ ಹೋಗುತ್ತದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕ ವಿನಾಯಿತಿ ಕ್ರೈಸ್ತರಿಗೆ ಸಿಕ್ಕಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅಂಥವರಿಗೆ ಪ್ರವರ್ಗ 1ರಲ್ಲಿ ಜಾಗವಿದೆ, ಅಷ್ಟೆ. ಬಿಲ್ಲವ ಒಕ್ಕಲು ಗದ್ದೆ ಕಳೆದುಕೊಂಡ ಕಾಲ ಹೋಯಿತು ನಿಜ. ಸೇರುವುದಕ್ಕೆ ತೆರಬೇಕಾದ ಬೆಲೆ ಬೇರೆ ರೂಪದಲ್ಲಿ ಉಳಿದಿದೆ.

ಮಂಗಳೂರಿನ ಪಾದ್ರಿಗಳು ಈ ವಿಚಾರದಲ್ಲಿ ಎಷ್ಟು ಜಾಗರೂಕರೆಂದರೆ, ಅಪರಿಚಿತರು ಬಂದು ದೀಕ್ಷಾಸ್ನಾನ ಕೊಡಿ ಎಂದರೆ ಮೊದಲು ಹಿಂಜರಿಯುತ್ತಾರೆ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಿಲಾಗ್ರಿಸ್ ಬಳಿಯ ಆರಾಧನಾ ಮಠವೂ ಸೇರಿ ಊರಿನ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಯಾದದ್ದನ್ನು ಯಾರೂ ಮರೆತಿಲ್ಲ. ಮಿಶನರಿ ಎಂದರೆ ಮತಾಂತರ ಎನ್ನುವ ಮಾತು ಒಂದೆಡೆ, ಬಾಗಿಲಿಗೆ ಬಂದವರನ್ನೂ ಅಳೆದು ಸುರಿದು ನೋಡುವ ಸಭಾಪಾಲಕರು ಇನ್ನೊಂದೆಡೆ. ಇವತ್ತಿನ ಸಿ.ಎಸ್.ಐ. ಸಭೆ ದೊಡ್ಡದಾಗುತ್ತಿದ್ದರೆ ಅದು ಹೆಚ್ಚಾಗಿ ಹೆರಿಗೆಯಿಂದ ಮತ್ತು ವರ್ಗಾವಣೆಯಿಂದ.

ಸದಸ್ಯತ್ವದ ಅದೇ ಪತ್ರ ಹಿಡಿದು ಮಂಗಳೂರಿನವರು ಹೊರಕ್ಕೂ ಹೋಗುತ್ತಾರೆ. ಅಮೆರಿಕದಲ್ಲಿ ಸಿ.ಎಸ್.ಐ. ಸಭೆಗಳಿದ್ದರೂ ಹೆಚ್ಚಿನವು ಮಲಯಾಳ, ತಮಿಳು, ತೆಲುಗಿನವು. ಹಾಗಾಗಿ ಕನ್ನಡದ ಕುಟುಂಬ ಮನೆ ಹತ್ತಿರದ ಎಪಿಸ್ಕೋಪಲ್ ಚರ್ಚಿಗೆ ಹೋಗುವುದುಂಟು. ಅಲ್ಲಿ ಇವರ ದೀಕ್ಷಾಸ್ನಾನವೂ ನಡೆಯುತ್ತದೆ, ದೃಢೀಕರಣವೂ ನಡೆಯುತ್ತದೆ. ಸ್ವಾಗತದ ರೀತಿ ಮಾತ್ರ ತಿರುವುಮುರುವು. ಬಾಗಿಲಲ್ಲೇ ಒಬ್ಬರು ಕೈಕುಲುಕಿ ಹೆಸರು ಕೇಳುತ್ತಾರೆ, ಅಂಗಿಗೆ ಹೆಸರಿನ ಚೀಟಿ ಅಂಟಿಸುತ್ತಾರೆ, ಆರಾಧನೆಯ ನಂತರ ಕಾಫಿಗೆ ಕರೆಯುತ್ತಾರೆ, ಹೊಸಬರಿಗೆಂದೇ ತರಗತಿ ನಡೆಸುತ್ತಾರೆ. ನಿಮ್ಮ ಅಜ್ಜ ಯಾರೆಂದು ಯಾರೂ ಕೇಳುವುದಿಲ್ಲ. ಮುಂದಿನ ಭಾನುವಾರ ನೀವು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಮನೆಗೆ ಬಂದು ಕೇಳುವವರೂ ಇರಲಿಕ್ಕಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ತೀರ್ಪು ಕೊಡುವುದು ಕಷ್ಟ. ಜ್ವರ ಬಂದು ಮಲಗಿದಾಗ ನನಗಾದರೆ ಬಲ್ಮಠದ ವಿಚಾರಣೆಯೇ ಇಷ್ಟ. ಮೊದಲ ಭಾನುವಾರ ಹೆಸರಿನ ಚೀಟಿ.

ಮಂಗಳೂರಿನಲ್ಲಿ ಹೊಸಬರ ಚೀಟಿ ಅಂಟುವುದು ಬೆಳೆಹಬ್ಬದ ದಿನ. ಮನೆಮನೆಯಿಂದ ತಂದ ತೆಂಗಿನಕಾಯಿ, ಬಾಳೆಗೊನೆ, ಚೀನಿಕಾಯಿ, ಕಾಲು ಕಟ್ಟಿದ ಕೋಳಿ, ಕೇಕು, ಉಪ್ಪಿನಕಾಯಿಯ ಬಾಟ್ಲಿ, ಎಲ್ಲವನ್ನೂ ಆರಾಧನೆಯ ನಂತರ ಅಂಗಳದಲ್ಲಿ ಏಲಂ ಹಾಕುತ್ತಾರೆ. ಮೈಕ್ ಹಿಡಿದವರು ಊರಿನ ಹಾಸ್ಯಗಾರರೇ ಆಗಿರುತ್ತಾರೆ. ನೂರು ರೂಪಾಯಿ ಬಾಳದ ಬೂದುಗುಂಬಳ ಇಬ್ಬರು ಭಾವಂದಿರ ಹಟಕ್ಕೆ ಸಾವಿರ ದಾಟುತ್ತದೆ, ಕೊಂಡವರು ಅದನ್ನು ಮತ್ತೆ ಏಲಂಗೇ ಕೊಟ್ಟುಬಿಡುತ್ತಾರೆ. ಹಾಸನದವರು ಸುಮ್ಮನಿರಲಾರದೆ ಒಂದು ಕೈ ಎತ್ತಿದರೆ ಸಾಕು, ಮೈಕಿನವರು ಬಿಡುವುದಿಲ್ಲ. ಹೆಸರು, ಊರು, ಕೆಲಸ, ಬ್ಯಾಂಕಿನ ಬಡ್ಡಿದರ ಎಲ್ಲವನ್ನೂ ಅಲ್ಲೇ ಕೇಳಿ ನಗಿಸುತ್ತಾರೆ. ಕೋಳಿಯ ಜೊತೆ ಮನೆಗೆ ಹೊರಟವರನ್ನು ಹೆಂಗಸರ ಕೂಟದ ಕಾರ್ಯದರ್ಶಿ ಗೇಟಿನ ಹತ್ತಿರ ತಡೆದು, ಬ್ಯಾಂಕಿನವರಲ್ಲವಾ, ನಮ್ಮ ಲೆಕ್ಕಪತ್ರ ಸ್ವಲ್ಪ ನೋಡಿಕೊಡಿ, ಹೋದ ವರ್ಷದ್ದೂ ಬಾಕಿ ಇದೆ ಎನ್ನುತ್ತಾರೆ.